ಮಲ್ಲಯ್ಯನ ಮೀಸಲು ಗಿಡ

ಶಹಾಪುರದ ಬಜಾರಿನ ಕಿರಾಣಿ ಅಂಗಡಿಗಳಲ್ಲಿ ಚಾರೋಳಿಯನ್ನು ಗಾಜಿನ ಬರಣಿಯಲ್ಲಿ ತುಂಬಿ, ಗೋಡಂಬಿ ಒಣದ್ರಾಕ್ಷಿಗಳ ಸಾಲಿನಲ್ಲಿ ಇಟ್ಟಿರುತ್ತಾರೆ. ಶೀರಾದ ಮೇಲೆ ಉದುರಿಸಲು, ಶ್ರೀಖಂಡಕ್ಕೆ, ರಂಜಾನಿನ ಶೀರ್ ಖುರ್ಮಾಕ್ಕೆ ಅಂತ ಜನ ಒಂದು ಪುಡಿಕೆ ಕಟ್ಟಿಸಿಕೊಂಡು ಹೋಗುತ್ತಾರೆ. ಭೀಮರಾಯನಗುಡಿಯ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಹೆಣ್ಣುಮಗಳು ಅದನ್ನು ಹೊಲದ ಬೆಳೆ ಅಂದುಕೊಂಡಿದ್ದಳು, ತೊಗರಿಯ ಹಾಗೆ ಬಿತ್ತಿ ರಾಶಿ ಮಾಡುತ್ತಾರೆ ಅಂತ. ನಾನು ನಕ್ಕೆ. ಆಮೇಲೆ ಆ ನಗುವೇ ನನಗೆ ಚುಚ್ಚಿತು. ಚಾರೋಳಿಯನ್ನು ಯಾರೂ ಬಿತ್ತುವುದಿಲ್ಲ ಅನ್ನುವುದರ ಅರ್ಥ ನಮ್ಮ ಮನೆಯವರಿಗೇ ತಿಳಿಯಲು ಬಹಳ ವರ್ಷ ಬೇಕಾಗಿತ್ತು.

ನಮ್ಮೂರು ಸುರಪುರದಿಂದ ಕಕ್ಕೇರಾ ಕಡೆ ಹೋಗುವಾಗ ಒಂದು ಗುಡ್ಡದ ಬುಡಕ್ಕಿದೆ. ಕಾಲುವೆ ನೀರು ಬಂದ ಮೇಲೆ ಕೆಳಗಿನ ಹೊಲಗಳೆಲ್ಲ ಭತ್ತ, ಹತ್ತಿ, ಮೆಣಸಿನಕಾಯಿ. ಗುಡ್ಡಕ್ಕೆ ಮಾತ್ರ ಯಾವ ಕಾಲುವೆಯೂ ಹತ್ತಲಿಲ್ಲ. ದೂರದಿಂದ ನೋಡಿದವರು ಬರೀ ಕಲ್ಲು ಅನ್ನುತ್ತಾರೆ. ಹತ್ತಿದವರಿಗೆ ಗೊತ್ತು, ಆ ಬಂಡೆಗಳ ಸಂದಿಯಲ್ಲಿ ಒಂದು ಬುಟ್ಟಿ ಮಣ್ಣು ಸಿಕ್ಕರೂ ಸಾಕು, ಅಲ್ಲೊಂದು ಚಾರೋಳಿ ಗಿಡ ನಿಂತಿರುತ್ತದೆ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಕೆರೆ ಬತ್ತಿರುತ್ತದೆ, ನಾಯಿಗಳು ಚರಂಡಿಯಲ್ಲಿ ಮಲಗಿರುತ್ತವೆ. ಅಂಥ ಹೊತ್ತಿನಲ್ಲಿ ಈ ಗಿಡ ಹಸಿರು ಎಲೆ ಹೊತ್ತು ಗೊಂಚಲು ಗೊಂಚಲು ಹಣ್ಣು ಬಿಡುತ್ತದೆ. ಆ ರಸ ಎಲ್ಲಿಂದ ತರುತ್ತದೆ ಅಂತ ನಾನು ಸಣ್ಣವಳಿದ್ದಾಗ ಕೇಳಿದ್ದೆ. ಈಗಲೂ ಕೇಳುತ್ತಿದ್ದೇನೆ.

ಹಣ್ಣಿಗೆ ಹೋಗುತ್ತಿದ್ದವರು ನಾವು ಮೂವರು: ಅವ್ವ, ಅವ್ವನ ತಂಗಿ ಅಂದರೆ ನನ್ನ ಸಣ್ಣವ್ವ, ಮತ್ತೆ ನಾನು. ಸಣ್ಣವ್ವ ಕಚ್ಚೆ ಬಿಗಿದು ಗಿಡ ಹತ್ತುತ್ತಿದ್ದಳು. ಊರಿನ ಗಂಡಸರು ಅವಳನ್ನು ಮಂಗ್ಯಾ ಅಂತ ಆಡಿಕೊಂಡರೆ, ಕೆಳಗೆ ನಿಂತು ಬಾಯಿ ತೆರೆಯಿರಿ, ಹಣ್ಣು ಹಾಕುತ್ತೇನೆ ಅನ್ನುತ್ತಿದ್ದಳು. ಹಣ್ಣು ಕಪ್ಪಗಿರುತ್ತದೆ, ಸಿಹಿ, ಸ್ವಲ್ಪ ಹುಳಿ. ತಿಂದಷ್ಟು ತಿಂದು ಉಳಿದಿದ್ದನ್ನು ಮನೆಗೆ ತಂದು ನೀರಿಗೆ ಹಾಕಿ, ಗೋಣಿಚೀಲದ ಮೇಲೆ ತಿಕ್ಕಿ ತಿಕ್ಕಿ ತಿರುಳು ತೆಗೆದು, ಬೀಜ ಒಣಗಿಸುತ್ತಿದ್ದೆವು. ಅದರ ಚಿಪ್ಪು ಕಲ್ಲಿನಂಥದ್ದು. ಹಲ್ಲಿಗೆ ಹಾಕಿದರೆ ಹಲ್ಲೇ ಹೋಗುತ್ತದೆ. ಅವ್ವ ಬೀಸುಕಲ್ಲಿಗೆ ಹಾಕಿ, ಚಿಪ್ಪು ಒಡೆಯಬೇಕು ಒಳಗಿನ ಕಾಳು ಒಡೆಯಬಾರದು ಅನ್ನುವ ಹದದಲ್ಲಿ ತಿರುಗಿಸುತ್ತಿದ್ದಳು. ಆಗ ಅವಳನ್ನು ಮಾತಾಡಿಸಿದರೆ ಬೈಗುಳ ಗ್ಯಾರಂಟಿ. ಮೊರದಲ್ಲಿ ಕೇರಿದ ಮೇಲೆ ಉಳಿಯುವುದು ಒಂದಿಷ್ಟು ಬೆಳ್ಳನೆಯ ಕಾಳು, ಅದೂ ಬಜಾರಿಗೆ. ನಮ್ಮ ಮನೆಯ ಹುಗ್ಗಿಯಲ್ಲಿ ಚಾರೋಳಿ ಕಂಡ ನೆನಪು ನನಗಿಲ್ಲ.

ಆದರೆ ಗುಡ್ಡದ ತುದಿಗಿದ್ದ ಒಂದು ಗಿಡವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಮಲ್ಲಯ್ಯನ ಮೀಸಲು. ಅದರ ಬುಡದಲ್ಲಿ ಅರಿಶಿನದ ಭಂಡಾರ ಹಚ್ಚಿದ ಒಂದು ದುಂಡುಕಲ್ಲು, ಅದೇ ದೇವರು. ಗುಡ್ಡದ ಗಿಡಗಳಲ್ಲೆಲ್ಲ ದೊಡ್ಡದು ಅದೇ. ಇಬ್ಬರು ಕೈ ಚಾಚಿದರೂ ಬೊಡ್ಡೆ ತಬ್ಬಲಾಗುತ್ತಿರಲಿಲ್ಲ. ತೊಗಟೆ ಮೊಸಳೆಯ ಬೆನ್ನು. ಹಣ್ಣಾದಾಗ ಹಕ್ಕಿಗಳ ಸದ್ದು ಊರಿನವರೆಗೆ ಕೇಳುತ್ತಿತ್ತು. ಹಣ್ಣು ಕೀಳುವುದಿರಲಿ, ಉದುರಿದ್ದನ್ನು ಕೂಡ ನಾವು ಬಾಯಿಗೆ ಹಾಕುತ್ತಿರಲಿಲ್ಲ. ಅದರ ಕೆಳಗೆ ನಿಂತಾಗ ನನಗೆ ಜೋರಾಗಿ ಮಾತಾಡಲು ಬರುತ್ತಿರಲಿಲ್ಲ. ಹೆದರಿಕೆ ಅಂತಲ್ಲ, ದೊಡ್ಡವರ ಮುಂದೆ ದನಿ ತಾನೇ ಸಣ್ಣದಾಗುತ್ತದಲ್ಲ, ಹಾಗೆ.

ಆ ಗಿಡದ ಸೇವೆ ಅವ್ವನದು. ಅದಕ್ಕೆ ಕಾರಣ ನಾನು. ಕೂಸಿದ್ದಾಗ ನನಗೆ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದೆನಂತೆ. ಸುರಪುರದ ಡಾಕ್ಟರು ಸೂಜಿ ಮಾಡಿ, ಬೆಳಗಿನ ತನಕ ನೋಡೋಣ ಅಂದರಂತೆ. ಅವ್ವ ಅಲ್ಲಿಂದಲೇ ಗುಡ್ಡದ ದಿಕ್ಕಿಗೆ ಕೈಮುಗಿದು, ಈ ಕೂಸು ಉಳಿದರೆ ನಾನು ಬದುಕಿರುವ ತನಕ ಪ್ರತಿ ಐತವಾರ ನಿನ್ನ ಗಿಡದ ಕೆಳಗೆ ಕಸ ಹೊಡೆದು ಸಾರಿಸುತ್ತೇನೆ ಅಂತ ಬೇಡಿಕೊಂಡಳು. ನಾನು ಉಳಿದೆ. ಪಾಪ, ಸೂಜಿ ಮಾಡಿದ ಡಾಕ್ಟರಿಗೆ ಒಂದು ತೆಂಗಿನಕಾಯಿಯೂ ಸಿಗಲಿಲ್ಲ.

ಅವ್ವನ ಸಾರಣೆ ಅಂದರೆ ಸುಮ್ಮನೆ ಅಲ್ಲ. ಕೊಡದಲ್ಲಿ ನೀರು ಹೊತ್ತು, ದಾರಿಯಲ್ಲಿ ಸೆಗಣಿ ಬಳಿದುಕೊಂಡು ಗುಡ್ಡ ಹತ್ತುವಳು. ಗಿಡದ ನೆರಳು ಎಲ್ಲಿಯ ತನಕ ಬೀಳುತ್ತದೋ ಅಲ್ಲಿಯ ತನಕ ಒಂದು ಎಲೆ ಬಿಡದಂತೆ ಗುಡಿಸುವಳು, ಆಮೇಲೆ ನಮ್ಮ ಪಡಸಾಲೆಗಿಂತ ನುಣ್ಣಗೆ ಸಾರಿಸುವಳು. ಉದುರಿದ ಹಣ್ಣು ಬೀಜಗಳನ್ನು ತುಳಿಯುವಂತಿಲ್ಲ, ದೇವರದು. ಮನೆಗೆ ಒಯ್ಯುವಂತಿಲ್ಲ, ಅದೂ ದೇವರದು. ಹಾಗಾಗಿ ಹೂವು ಪತ್ರಿಯ ನಿರ್ಮಾಲ್ಯವನ್ನು ನೀರಿಗೆ ಬಿಡುವ ಹಾಗೆ ಅವುಗಳನ್ನು ಸೆರಗಿನಲ್ಲಿ ತುಂಬಿ, ಬೇಸಿಗೆಯಲ್ಲೂ ಪಾಚಿ ನೀರು ನಿಲ್ಲುವ ಬಂಡೆಯ ಮೇಲಿನ ಹೊಂಡಕ್ಕೆ ಬಿಟ್ಟು ಕೈಮುಗಿಯುತ್ತಿದ್ದಳು. ಅದಕ್ಕಿಂತ ಮರ್ಯಾದೆಯಿಂದ ಒಂದು ಬೀಜವನ್ನು ಕೊಳೆಸಲು ಯಾರಿಗೂ ಸಾಧ್ಯವಿಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ನಾನೂ ಪಕ್ಕದಲ್ಲಿ ನಿಂತು ಕೈಮುಗಿದವಳೇ.

ಮೊದಲು ಒಂದು ಕಟ್ಟಳೆ ಇತ್ತು. ಮೀಸಲು ಗಿಡದ ಹಣ್ಣು ಕಪ್ಪಾಗಿ, ತಾನೇ ಉದುರಿ ಮಲ್ಲಯ್ಯನಿಗೆ ಎಡೆಯಾಗುವ ತನಕ ಯಾರೂ ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ಹಕ್ಕಿ, ನರಿ, ಮಂಗಗಳು ತಮ್ಮ ಪಾಲು ತಿಂದು ಬೀಜವನ್ನು ಎಲ್ಲೆಲ್ಲೋ ಹಾಕಿರುತ್ತಿದ್ದವು. ನಾನು ಮದುವೆಯಾಗಿ ಭೀಮರಾಯನಗುಡಿಯ ಕಾಲುವೆ ಕ್ಯಾಂಪಿಗೆ ಬಂದ ಮೇಲೆ ಅದು ಕೆಟ್ಟಿತು. ಬೇರೆ ಊರಿನವರು ಕಾಯಿ ಹಸಿರಿರುವಾಗಲೇ ಬರತೊಡಗಿದರು. ಅವರು ಕೀಳುವ ಮೊದಲು ನಾವು ಕೀಳಬೇಕು ಅಂತ ನಮ್ಮೂರಿನವರೂ ಅವಸರಕ್ಕೆ ಬಿದ್ದರು. ಗಿಡ ಹತ್ತಿ ಕೀಳಲು ಪುರುಸೊತ್ತು ಯಾರಿಗಿದೆ, ಟೊಂಗೆಯನ್ನೇ ಕಡಿದು ಕೆಳಗೆ ಹಾಕಿ ಸವರಿಕೊಳ್ಳುವುದು. ಕಡಿದ ಟೊಂಗೆ ಮತ್ತೆ ಹಣ್ಣು ಬಿಡಲು ವರ್ಷಗಳು ಬೇಕು. ಎಳೆಕಾಯಿಯ ಬೀಜಕ್ಕೆ ಬಜಾರಿನಲ್ಲೂ ಒಳ್ಳೆಯ ಬೆಲೆ ಇಲ್ಲ, ಮಣ್ಣಿಗೆ ಬಿದ್ದರೂ ಹುಟ್ಟುವುದಿಲ್ಲ.

ಸಣ್ಣವ್ವನೇ ಮೊದಲು ಹೇಳಿದ್ದು. ಒಂದು ಬೇಸಿಗೆಯಲ್ಲಿ ನಾನು ತವರಿಗೆ ಹೋಗಿದ್ದಾಗ ಅವಳ ಜೊತೆ ಗುಡ್ಡ ಹತ್ತಿದೆ. ಓಣಿಯಲ್ಲಿ ಮನೆಮನೆಯ ಮುದುಕರ ಸುದ್ದಿ ಹೇಳುವ ಹಾಗೆ ಅವಳು ಒಂದೊಂದು ಗಿಡದ ಸುದ್ದಿ ಹೇಳುತ್ತ ಹೋದಳು. ಇದರ ಎಡಗೈ ಕಡಿದರು, ಇದಕ್ಕೆ ಗೆದ್ದಲು ಹತ್ತಿತು, ಅಗೋ ಅದು ಹೋದ ವರ್ಷ ಗಾಳಿಗೆ ಬಿತ್ತು. ಕೊನೆಗೆ ಒಂದು ಬಂಡೆಯ ಮೇಲೆ ಕೂತು ಎಲೆಅಡಿಕೆ ಬಾಯಿಗೆ ಹಾಕಿಕೊಂಡು, "ಎಲ್ಲಾ ಮುದುಕರೇ ಉಳದಾರ ನೋಡು. ಈ ಗುಡ್ಡದಾಗ ಒಂದು ಕೂಸಿಲ್ಲ," ಅಂದಳು.

ಆ ಮಾತು ಕೇಳಿದ ಮೇಲೆ ನಾನು ಸುತ್ತಲೂ ಹುಡುಕಿದೆ. ನಿಜ. ಎಷ್ಟೋ ವರ್ಷದಿಂದ ಕಣ್ಣೆದುರಿಗಿದ್ದದ್ದು ಆವತ್ತು ಕಂಡಿತು. ದೊಡ್ಡ ಗಿಡಗಳ ಕೆಳಗೆ ನನ್ನ ಸೊಂಟದಷ್ಟು ಎತ್ತರದ್ದು ಒಂದೂ ಇರಲಿಲ್ಲ. ತೊಟ್ಟಿಲು ತೂಗದ ಊರಿನಲ್ಲಿ ನಿಂತ ಹಾಗಿತ್ತು.

ಹೋದ ವರ್ಷ ಮಳೆಗಾಲ ಹಿಡಿಯುವ ಮುಂಚೆ ಅವ್ವನಿಗೆ ಯಾದಗಿರಿಯಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ಬಗ್ಗಬೇಡಿ, ಭಾರ ಎತ್ತಬೇಡಿ, ಧೂಳಿಗೆ ಹೋಗಬೇಡಿ ಅಂದರು ಡಾಕ್ಟರು. ಅವ್ವ ಕೇಳಿದ್ದು ಒಂದೇ, ಐತವಾರದ ಕಸ ಯಾರು ಹೊಡೆಯಬೇಕು. ನಾನು ಹೊಡೆಯುತ್ತೇನೆ ಅಂದೆ. ಹರಕೆ ನನ್ನದೇ ಜೀವದ್ದಾದ್ದರಿಂದ ಅವಳಿಗೂ ಅದು ಸರಿ ಅನ್ನಿಸಿತು. ಆದರೆ ಮಳೆ ಸುರುವಾಗಿದ್ದೇ ಹಳ್ಳ ಬಂದು ಗುಡ್ಡದ ದಾರಿ ಕಟ್ಟಿತು. ಹಳ್ಳ ಇಳಿಯುವ ತನಕ ನಾನೂ ಅವ್ವನೂ ಮನೆಯ ಕಟ್ಟೆಯಿಂದ ಗುಡ್ಡ ನೋಡುತ್ತ ಕೂತೆವು. ಅವಳು ಕಪ್ಪು ಕನ್ನಡಕದೊಳಗಿಂದ.

ನೀರಿಳಿದ ಐತವಾರ ಕಸಬರಿಗೆ, ಕೊಡ ಹಿಡಿದು ಒಬ್ಬಳೇ ಹತ್ತಿದೆ. ದಾರಿಯಲ್ಲಿ ಒಂದು ಕಡೆ ನೀರು ಹರಿದು ಮಣ್ಣೆಲ್ಲ ಕೊರೆದುಹೋಗಿತ್ತು. ಅಲ್ಲಿ ಮೊಣಕಾಲಷ್ಟೂ ಇಲ್ಲದ ಒಂದು ಚಾರೋಳಿ ಸಸಿ ಬಂಡೆಗೆ ಆತುಕೊಂಡಿತ್ತು. ಕಿರುಬೆರಳಿನಷ್ಟು ಕಾಂಡ, ಐದಾರು ಎಲೆ. ಅದರ ಕೆಳಗೆ ಬರಿದಾಗಿದ್ದ ಬೇರು ನೋಡಿ ನಾನು ಕೊಡ ಕೆಳಗಿಟ್ಟೆ. ಬೇರು ನನ್ನ ಮುಂಗೈಗಿಂತ ದಪ್ಪ. ಅದರ ನೆತ್ತಿಯ ತುಂಬ ಗಂಟುಗಳು, ಒಂದೊಂದು ಗಂಟೂ ಒಂದು ಸತ್ತ ಕಾಂಡದ್ದು. ಬೇಸಿಗೆಗೆ ಸುಟ್ಟಿದೆ, ಆಡು ಕಡಿದಿದೆ, ಬೆಂಕಿ ತಿಂದಿದೆ, ಪ್ರತಿ ಸಲ ಮಳೆ ಬಂದ ಕೂಡಲೇ ಕೆಳಗಿಂದ ಮತ್ತೆ ಒಂದು ಕಾಂಡ ಕಳಿಸಿದೆ. ಯಾವ ಹಕ್ಕಿ ಹಾಕಿದ ಬೀಜವೋ. ಸಸಿ ಅಂತ ನಾನು ಅಂದುಕೊಂಡದ್ದು ನನ್ನ ಮಗಳಿಗಿಂತ ಹಿರಿಯದಿರಬೇಕು. ಕತ್ತಲೆಯಲ್ಲಿ ಕೂತು ಅಷ್ಟು ವರ್ಷ ಬೇರನ್ನೇ ಬೆಳೆಸಿಕೊಂಡು, ಮೇಲೆ ಬರಲು ಒಂದು ಒಳ್ಳೆಯ ವರ್ಷಕ್ಕಾಗಿ ಕಾಯುತ್ತಿತ್ತು. ನನಗೆ ಅಳು ಬಂತು. ಯಾಕೆ ಅಂತ ಹೇಳಲು ಬರುವುದಿಲ್ಲ. ಕೈಯಿಂದ ಮಣ್ಣು ಗೋರಿ ಆ ಬೇರನ್ನು ಮುಚ್ಚಿದೆ.

ಮೇಲೆ ಮೀಸಲು ಗಿಡದ ಕೆಳಗೆ ಅವ್ವನ ಸಾರಣೆ ಮಳೆಗೆ ಬಿರುಕು ಬಿಟ್ಟಿತ್ತು. ಕಸಬರಿಗೆ ನೆಲಕ್ಕಿಟ್ಟವಳು ಹಾಗೇ ನಿಂತೆ. ಬಿರುಕುಗಳಲ್ಲಿ ಸಣ್ಣ ಮೊಳಕೆಗಳು. ದೇವರ ಕಲ್ಲಿನ ಬಲಕ್ಕೆ ಒಂದು ಗುಂಪು, ಅತ್ತ ಎರಡು, ಮತ್ತೆ ನೆರಳಿನ ಅಂಚಿಗೆ ಒಂದಿಷ್ಟು. ಪಕ್ಕದಲ್ಲಿ ಎರಡು ಹೋಳಾದ ಚಿಪ್ಪುಗಳು ಬಿದ್ದಿದ್ದವು. ಅವ್ವ ಬೀಸುಕಲ್ಲಿಗೆ ಹಾಕಿ, ತೋಳು ನೋಯುವಂತೆ ತಿರುಗಿಸಿ ಒಡೆಯುವ ಚಿಪ್ಪನ್ನು ಆ ಬೀಜ ಒಳಗಿಂದ ತಾನೇ ಒಡೆದಿತ್ತು, ಬರೀ ನೀರು ಕುಡಿದು. ನಾನು ಮಂಡಿಯೂರಿ ಕೂತು ಅವುಗಳನ್ನು ನೋಡಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಮಳೆ ಹನಿಯತೊಡಗಿದಾಗ ಎದ್ದೆ. ಕಸ ಹೊಡೆಯಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಗುಡ್ಡದ ಬೀಜವೆಲ್ಲ ಬಜಾರಿಗೆ ಹೋಯಿತು, ಉಳಿದದ್ದು ಮಲ್ಲಯ್ಯನ ಗಿಡದ್ದು, ಅದನ್ನು ನೀನು ಹೊಂಡಕ್ಕೆ ಹಾಕಿದಿ, ಅಪ್ಪಿತಪ್ಪಿ ಹುಟ್ಟಿದ್ದನ್ನು ಕಸಬರಿಗೆ ತಿಂದಿತು ಅಂತ. ಇನ್ನೂ ಮೆತ್ತಗೆ ಹೇಳಬಹುದಿತ್ತು, ನನ್ನ ಬಾಯಿಯೇ ಹಾಗೆ. ಅವ್ವ ಗಿಡದ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಕಸ ಹೊಡದಿಲ್ಲಾ ಹಂಗಾರ?" ಅಂದಳು.

ಇಲ್ಲ ಅಂದೆ.

"ಅದು ಗಿಡದ ಹರಕಿ ಅಲ್ಲ. ನಿನ್ನ ಜೀವದ ಹರಕಿ. ನಾ ಇರೂತನಕ ಅಂತ ಬಾಯಿಬಿಟ್ಟು ಹೇಳೀನಿ. ಬಿಟ್ಟೆ ಅಂದ್ರ ಅಂವ ನಿನ್ನ ಕೇಳಿದ್ರ ನಾ ಏನ ಕೊಡ್ಲಿ?"

ನಾನು ವಾದ ಮಾಡಿದೆ. ಸೂಜಿಯ ಮಾತು ತೆಗೆದೆ, ನನಗೆ ಈಗ ತಲೆ ಬೆಳ್ಳಗಾಗುತ್ತಿದೆ ಅಂದೆ, ನನ್ನ ಮಗಳು ನನಗಿಂತ ಎತ್ತರವಾಗಿದ್ದಾಳೆ ಅಂದೆ. ಅವ್ವ ಆವತ್ತು ಊಟ ಮಾಡಲಿಲ್ಲ. ಅವಳ ಹೆದರಿಕೆ ನೋಡಿ ನನ್ನ ಸಿಟ್ಟು ಕರಗಿತು. ಈ ಹೆಂಗಸು ಇಷ್ಟು ವರ್ಷ ಪ್ರತಿ ವಾರ ನನ್ನ ಉಸಿರನ್ನು ಹೊಸದಾಗಿ ಬೇಡಿಕೊಂಡು ಬರುತ್ತಿದ್ದಳು, ನಾನು ಅದನ್ನು ಕಸ ಹೊಡೆಯುವುದು ಅಂದುಕೊಂಡಿದ್ದೆ.

ಕಪ್ಪು ಕನ್ನಡಕ ತೆಗೆದ ಮೇಲಿನ ಐತವಾರ ಅವ್ವ ತಾನೇ ಗುಡ್ಡಕ್ಕೆ ಹೊರಟಳು. ಬಗಲಲ್ಲಿ ಕಸಬರಿಗೆ. ನಾನು ಕೊಡ ಹಿಡಿದು ಹಿಂದೆ. ಅವಳು ಗುಡಿಸುತ್ತಾಳೋ ಬಿಡುತ್ತಾಳೋ ನನಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ದಾರಿಯುದ್ದಕ್ಕೂ ಹೊಸ ಕಣ್ಣಿನ ಸಡಗರ ಬೇರೆ. ಕಲ್ಲಿನ ಮೇಲಿನ ಓತಿಕ್ಯಾತ ಕಾಣುತ್ತದೆ, ಕೆಳಗೆ ಭತ್ತದ ಗದ್ದೆಯ ಬದು ಕಾಣುತ್ತದೆ ಅಂತ ನಿಂತು ನಿಂತು ಹೇಳುತ್ತಿದ್ದಳು.

ಗಿಡದ ಕೆಳಗೆ ಬಂದು ಮೊಳಕೆಗಳ ಕಡೆ ನೋಡಲಿಲ್ಲ. ಮಲ್ಲಯ್ಯನಿಗೆ ಕೈಮುಗಿದು ತಲೆ ಎತ್ತಿದಳು. ಎತ್ತಿದ ತಲೆ ಹಾಗೇ ನಿಂತಿತು. ಗಿಡದ ನೆತ್ತಿ ಒಣಗಿ ಎಷ್ಟೋ ವರ್ಷವಾಗಿತ್ತು. ತುದಿಯ ಟೊಂಗೆಗಳಲ್ಲಿ ಎಲೆ ಇಲ್ಲ, ತೊಗಟೆಯೂ ಇಲ್ಲ, ಬೆಳ್ಳಗೆ ಎಲುಬಿನ ಹಾಗೆ ಮೋಡಕ್ಕೆ ಎದುರಾಗಿ ನಿಂತಿದ್ದವು. ಪೊರೆ ಬಂದ ಕಣ್ಣಿಗೆ ಅದು ಕಂಡೇ ಇರಲಿಲ್ಲ. ಅವಳ ಲೆಕ್ಕದಲ್ಲಿ ಗಿಡ ತಾನು ಹರಕೆ ಹೊತ್ತ ದಿನದ ಹಾಗೇ ತುಂಬಿ ನಿಂತಿತ್ತು.

"ಯಾವಾಗಿಂದ ಹಿಂಗ ಐತಿ?" ಅಂದಳು.

ಬಹಳ ದಿನ ಆಯಿತು ಅಂದೆ.

ಅವ್ವ ಗಿಡದ ಬೊಡ್ಡೆಗೆ ಎರಡೂ ಅಂಗೈ ಒತ್ತಿ ನಿಂತಳು. ಬೊಡ್ಡೆಯ ಮುಂದೆ ಅವಳು ಎಷ್ಟು ಸಣ್ಣ ಕಾಣುತ್ತಿದ್ದಳು ಅಂದರೆ, ಇಬ್ಬರಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು ಅಂತ ನನಗೆ ತಿಳಿಯದಾಯಿತು. ಆಮೇಲೆ ಕೂತಳು. ಮೊಳಕೆಗಳ ಹತ್ತಿರ ಮುಖ ತಂದು, ಹೊಸ ಕಣ್ಣು ಕಿರಿದು ಮಾಡಿ, ಒಂದೊಂದರ ಎಲೆಯನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಅವಳ ತುಟಿ ಅಲುಗುತ್ತಿತ್ತು. ದೇವರ ಕಲ್ಲಿನ ಕಡೆ ತಿರುಗಿ, ಬಾಜೂ ಮನೆಯವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು:

"ನನ್ನ ಕೂಸು ನೀ ಕಾಯ್ದಿ. ನಿನ್ನ ಕೂಸು ನಾ ಕಾಯ್ತೀನಿ. ಕಸದ ಮಾತು ಇಲ್ಲಿಗೆ ಬಿಡು."

ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಜಾಲಿ ಮುಳ್ಳು ಕಡಿದು ತಂದು, ಆಡು ಬಾಯಿ ಹಾಕದಂತೆ ಮೊಳಕೆಗಳ ಸುತ್ತ ಬೇಲಿ ಕಟ್ಟಿದೆವು. ಹೊಂಡದಲ್ಲಿ ತೇಲುತ್ತಿದ್ದ ಬೀಜಗಳನ್ನು ಅವಳು ಮುಂದಿನ ವಾರ ತೆಗೆದು ಬಿಸಾಡಿದಳಂತೆ, ಎಲ್ಲವೂ ಕೊಳೆತಿದ್ದವು ಅಂತ ಸಣ್ಣವ್ವ ಹೇಳಿದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಹರಕೆ ಬಿಟ್ಟವಳಿಗೆ ಹೆದರಿಕೆ ಬಿಡುತ್ತದೆಯೇ. ಅದರ ಮುಂದಿನ ಐತವಾರ ಬೆಳಿಗ್ಗೆ ನನ್ನ ಫೋನ್ ಹೊಡೆದುಕೊಂಡಿತು. ಅವ್ವ.

"ಅದೀ?"

"ಅದೀನವ್ವ."

"ಹಾಂ." ಫೋನ್ ಕಟ್.

ಪ್ರತಿ ಐತವಾರ ಇಷ್ಟೇ. ಊಟ ಆಯಿತೇ, ಮಗಳು ಹೇಗಿದ್ದಾಳೆ, ಏನೂ ಇಲ್ಲ. ಮೊದಲು ಕಸಬರಿಗೆ ಹಿಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ ನಾನು ಬದುಕಿದ್ದೇನೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳುವುದು. ನನ್ನ ಗಂಡ ಅದಕ್ಕೆ ಹಾಜರಿ ಅಂತ ಹೆಸರಿಟ್ಟರು. ನಾನೂ ನಕ್ಕೆ, ಆದರೆ ಆ ಹೊತ್ತಿಗೆ ಫೋನನ್ನು ಕೈಗೆಟಕುವಂತೆ ಇಟ್ಟುಕೊಳ್ಳತೊಡಗಿದೆ.

ಈ ವರ್ಷದ ಬೇಸಿಗೆಯಲ್ಲಿ ಮೊಳಕೆಗಳು ಒಣಗಿದವು. ಯುಗಾದಿ ಮುಗಿದ ಮೇಲೆ ನಾನು ಹೋದಾಗ ಬೇಲಿಯೊಳಗೆ ಕರಿ ಕಡ್ಡಿಗಳಷ್ಟೇ ಇದ್ದವು, ಮುಟ್ಟಿದರೆ ಮುರಿಯುವಂಥವು. ಅವ್ವ ನೋಡುತ್ತ ನಿಂತಿದ್ದಳು, ಅಳಲಿಲ್ಲ. ಕೊಡಗಟ್ಟಲೆ ನೀರು ಹೊತ್ತು ಹಾಕಿದ್ದಳಂತೆ. ನಾನು ಆ ಬೇರಿನ ಕತೆ ಹೇಳಿದೆ, ಮೇಲೆ ಸತ್ತರೂ ಕೆಳಗೆ ಜೀವ ಇರುತ್ತದೆ ಅಂದೆ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡು ಅವಳು ನಂಬಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಎಳೆಯ ಬೇರಿಗೆ ಆ ಶಕ್ತಿ ಇದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಅಂದಿನಿಂದ ಫೋನ್ ದಿನಾ ಬರತೊಡಗಿತು. ಅದೀ? ಅದೀನವ್ವ. ಅವಳ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. ದೇವರ ಕೂಸನ್ನು ಕಾಯಲು ತನ್ನಿಂದ ಆಗಲಿಲ್ಲ, ಇನ್ನು ಅವನು ತನ್ನ ಕೂಸನ್ನು ಯಾಕೆ ಕಾಯುತ್ತಾನೆ, ಅದೇ ಅವಳ ತಲೆಯಲ್ಲಿ.

ಆಮೇಲೆ ಮಳೆ ಬಂತು. ಒಳ್ಳೆ ಹದದ ಮಳೆ, ಬಿಟ್ಟು ಬಿಟ್ಟು. ಒಂದು ಐತವಾರ ಬೆಳಿಗ್ಗೆ ಫೋನ್ ಬರಲಿಲ್ಲ. ಬಟ್ಟೆ ಒಗೆದೆ, ರೊಟ್ಟಿ ಮಾಡಿದೆ, ಬರಲಿಲ್ಲ. ನಾನೇ ಮಾಡಿದರೆ ರಿಂಗ್ ಹೋಗುತ್ತದೆ, ಎತ್ತುವವರಿಲ್ಲ. ಮಧ್ಯಾಹ್ನದ ತನಕ ಮತ್ತೆ ಮತ್ತೆ ಮಾಡಿದೆ. ನನಗೆ ಏನಾದರೂ ಆಗುತ್ತದೆ ಅಂತ ಅವಳು ಅಷ್ಟು ದಿನ ಹೆದರಿದ್ದಳು, ಅವಳಿಗೆ ಏನಾದರೂ ಆಗಬಹುದು ಅಂತ ನಾನು ಒಂದು ದಿನವೂ ಹೆದರಿರಲಿಲ್ಲ. ಸಣ್ಣವ್ವನಿಗೆ ಫೋನ್ ಮಾಡಿದರೆ, ಮುಂಜಾನೆ ಗುಡ್ಡಕ್ಕೆ ಹೋದವಳು ಇನ್ನೂ ಇಳಿದಿಲ್ಲ, ನೋಡಿ ಬರುತ್ತೇನೆ ಅಂದಳು. ನಾನು ಊರಿಗೆ ಹೊರಡಲು ಚೀಲ ತೆಗೆದೆ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅವ್ವನ ದನಿ, ಏದುಸಿರು, ಗಾಳಿಯ ಸದ್ದು. ಇನ್ನೂ ಗುಡ್ಡದ ಮೇಲೇ ಇದ್ದಳು.

"ಬುಡದಾಗಿಂದ ಮತ್ತ ಒಡದಾವ. ಕಡ್ಡಿ ಕರ್ರಗ ಹಂಗ ಐತಿ, ಬಾಜೂ ಕೆಂಪನ್ನ ಎಲಿ ಬಂದೈತಿ. ಎಲ್ಲಾ ಬಂದಿಲ್ಲ, ಆದ್ರ ಕಲ್ಲಿನ ಕಡೀವು ಬಂದಾವ. ಎಲಿ ಅಂದ್ರ ಹೆಂಗ ಮೆತ್ತಗ ಅದಾವ ಅಂತಿ, ಕೂಸಿನ ಕಿವಿ ಹಂಗ."

ಅವಳು ಮಾತಾಡುತ್ತಲೇ ಇದ್ದಳು. ಯಾವುದಕ್ಕೆ ಎಷ್ಟು ಎಲೆ, ಯಾವುದನ್ನು ಹುಳ ತಿಂದಿದೆ, ಬೇಲಿಯ ಮುಳ್ಳು ಎಲ್ಲಿ ಜಾರಿದೆ, ಮುಂದಿನ ವಾರ ಬರುವಾಗ ಕುಡಗೋಲು ಹರಿತ ಮಾಡಿಸಿಕೊಂಡು ಬಾ ಅಂತ. ನಾನು ಚೀಲ ಹಿಡಿದು ನಿಂತು ಕೇಳುತ್ತಿದ್ದೆ, ಕಣ್ಣೀರು ಗದ್ದದ ತನಕ ಇಳಿದಿತ್ತು. ಸಣ್ಣವ್ವ ಹತ್ತಿ ಬಂದು ಬೈಯುವುದು ಕೇಳಿಸಿತು. ಆಕೆಗೂ ತೋರಿಸಬೇಕು, ಇಡುತ್ತೇನೆ ಅಂದಳು ಅವ್ವ, ಇಟ್ಟಳು.

ನಾನು ಅದೀನೋ ಇಲ್ಲೋ ಅಂತ ಕೇಳುವುದನ್ನು ಆವತ್ತು ಅವಳು ಮರೆತೇ ಬಿಟ್ಟಿದ್ದಳು.